ಪಾದರಕ್ಷೆ ಮತ್ತು ದೇಹದ ಸಮತೋಲ: ಹೊಲಗದ್ದೆಗಳಲ್ಲಿ ದುಡಿಯುವವರು ತಿಳಿದಿರಬೇಕಾದ ಅಂಶಗಳು

ಉಳುವ ಎತ್ತಿಗೆ ಲಾಳ ಕಟ್ಟಿಸುವಾಗ ನಮ್ಮ ರೈತರು ವಹಿಸುವ ಎಚ್ಚರ ಎಲ್ಲರಿಗೂ ತಿಳಿದದ್ದೇ. ಗೊರಸನ್ನು ಸಮವಾಗಿ ಹೆರೆದಿದೆಯೆ, ಮೊಳೆ ಜೀವಕ್ಕೆ ತಾಗಿದೆಯೆ, ಎದ್ದು ನಿಂತ ಎತ್ತು ನಾಲ್ಕು ಕಾಲುಗಳನ್ನೂ ಸಮನಾಗಿ ಊರುತ್ತಿದೆಯೆ ಎಂದು ಬಗ್ಗಿ ನೋಡುತ್ತಾರೆ. ಒಂದು ಲಾಳ ಓರೆಯಾದರೂ ಎತ್ತು ಕುಂಟುತ್ತದೆ, ಹೆಗಲು ತಗ್ಗಿಸುತ್ತದೆ, ಜೋಡಿ ಎತ್ತಿನ ಮೇಲೂ ಭಾರ ಬೀಳುತ್ತದೆ ಎಂಬುದು ಅವರಿಗೆ ಗೊತ್ತು. ಆದರೆ ಅದೇ ರೈತರು ತಮ್ಮ ಕಾಲಿಗೆ ಬೇಕಾದ ಚಪ್ಪಲಿಯನ್ನು ಸಂತೆಯಲ್ಲಿ ಬೆಲೆ ಕೇಳಿ, ಒಂದು ಕಾಲಿಗೆ ಮಾತ್ರ ತೂರಿಸಿ ನೋಡಿ ಚೀಲಕ್ಕೆ ಹಾಕಿಕೊಳ್ಳುವುದೇ ಹೆಚ್ಚು.

ಬದುವಿನ ಮೇಲೆ ಜಾರಿ ಬೀಳುವುದು, ಕಾಲು ಉಳುಕುವುದು, ಸಂಜೆಯ ಹೊತ್ತಿಗೆ ಸೊಂಟ ಹಿಡಿದುಕೊಳ್ಳುವುದು, ಮಂಡಿ ನೋಯುವುದು, ಇವೆಲ್ಲ ಕೃಷಿಯಲ್ಲಿ ಇದ್ದದ್ದೇ ಎಂದು ಬಹಳ ಜನ ಭಾವಿಸುತ್ತಾರೆ. ಇವುಗಳಲ್ಲಿ ಒಂದು ಭಾಗಕ್ಕೆ ಕಾಲಿನಲ್ಲಿರುವ ಮೆಟ್ಟು, ಇಲ್ಲವೆ ಮೆಟ್ಟು ಇಲ್ಲದಿರುವುದು ಕಾರಣ. ನೇಗಿಲು, ಕುಂಟೆ, ಕುಡುಗೋಲುಗಳನ್ನು ಹೇಗೆ ಮಣ್ಣಿಗೂ ಕೆಲಸಕ್ಕೂ ತಕ್ಕಂತೆ ಆರಿಸುತ್ತೇವೋ ಹಾಗೆಯೇ ಪಾದರಕ್ಷೆಯನ್ನೂ ಆರಿಸಬೇಕು. ಅದೂ ಒಂದು ಕೃಷಿ ಸಲಕರಣೆಯೇ. ಅದು ಮೈಯನ್ನು ಹೇಗೆ ನಿಲ್ಲಿಸುತ್ತದೆ, ಹೇಗೆ ಬೀಳಿಸುತ್ತದೆ ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಪಾದದ ರಚನೆ

ಮನುಷ್ಯನ ಒಂದು ಪಾದದಲ್ಲಿ 26 ಮೂಳೆಗಳಿವೆ. ಎರಡು ಪಾದಗಳ ಮೂಳೆಗಳನ್ನು ಸೇರಿಸಿದರೆ ಇಡೀ ದೇಹದ 206 ಮೂಳೆಗಳ ಕಾಲು ಭಾಗ ಅಲ್ಲೇ ಆಯಿತು. ಈ ಮೂಳೆಗಳು ಕಲ್ಲಿನ ಕಮಾನಿನಂತೆ ಜೋಡಣೆಗೊಂಡಿವೆ. ಹಿಮ್ಮಡಿ, ಹೆಬ್ಬೆರಳಿನ ಬುಡ, ಕಿರುಬೆರಳಿನ ಬುಡ, ಈ ಮೂರು ಕಡೆ ಭಾರ ನೆಲಕ್ಕೆ ಇಳಿಯುತ್ತದೆ. ಮೂರು ಗುಂಡುಗಳ ಒಲೆಯ ಮೇಲೆ ಮಡಕೆ ಅಲುಗಾಡದೆ ಕೂರುವಂತೆ ಮೈಯ ಭಾರ ಈ ಮೂರರ ಮೇಲೆ ಕೂರುತ್ತದೆ. ನಡುವಿನ ಕಮಾನು ಸ್ಪ್ರಿಂಗಿನಂತೆ ತಗ್ಗಿ ಏರುತ್ತ ಪ್ರತಿ ಹೆಜ್ಜೆಯ ಪೆಟ್ಟನ್ನು ನುಂಗುತ್ತದೆ.

ಪಾದದ ಇನ್ನೊಂದು ಕೆಲಸವನ್ನು ಸಾಮಾನ್ಯವಾಗಿ ಯಾರೂ ಗಮನಿಸುವುದಿಲ್ಲ. ಅಂಗಾಲಿನ ಚರ್ಮ ಒತ್ತಡವನ್ನು ಗುರುತಿಸುವ ನರಗಳ ತುದಿಗಳಿಂದ ತುಂಬಿದೆ. ನೆಲ ಎತ್ತ ಇಳಿಜಾರಾಗಿದೆ, ಕಾಲ ಕೆಳಗಿನ ಹೆಂಟೆ ಕುಸಿಯುತ್ತಿದೆಯೆ, ಕಲ್ಲು ಉರುಳುತ್ತಿದೆಯೆ ಎಂಬ ಸುದ್ದಿಯನ್ನು ಅದು ಕ್ಷಣದಲ್ಲಿ ಮಿದುಳಿಗೆ ಮುಟ್ಟಿಸುತ್ತದೆ. ದೇಹದ ಸಮತೋಲ ಮೂರು ಮೂಲಗಳಿಂದ ಬರುವ ಸುದ್ದಿಯನ್ನು ಅವಲಂಬಿಸಿದೆ: ಕಣ್ಣು, ಒಳಕಿವಿ, ಹಾಗೂ ಪಾದ ಮತ್ತು ಕಾಲಿನ ಕೀಲು-ಸ್ನಾಯುಗಳು. ಇವುಗಳಲ್ಲಿ ಒಂದು ಮಂಕಾದರೆ ಉಳಿದೆರಡರ ಮೇಲೆ ಹೊರೆ ಬೀಳುತ್ತದೆ. ರಾತ್ರಿ ಪಾಳಿಯಲ್ಲಿ ತ್ರೀಫೇಸ್ ವಿದ್ಯುತ್ ಬಂದಾಗ ಕತ್ತಲಲ್ಲಿ ನೀರು ಕಟ್ಟಲು ಹೋಗುವ ರೈತನ ಸ್ಥಿತಿ ಇದೇ. ಕಣ್ಣಿನ ಸಹಾಯ ಕಡಿಮೆಯಾದ ಹೊತ್ತಿನಲ್ಲಿ ಪಾದವೇ ದಾರಿ ತೋರಿಸಬೇಕು. ಆಗ ಕಾಲಿನಲ್ಲಿ ನೆನೆದು ಸಡಿಲವಾದ ಚಪ್ಪಲಿ ಇದ್ದರೆ ಆ ಪಾದವೂ ಕುರುಡಾದಂತೆ.

ಸಮತೋಲದ ಲೆಕ್ಕ

ನೆಟ್ಟಗೆ ನಿಂತ ಮನುಷ್ಯನ ಗುರುತ್ವ ಕೇಂದ್ರ ಹೊಕ್ಕುಳಿಗಿಂತ ಸ್ವಲ್ಪ ಕೆಳಗೆ, ಸೊಂಟದ ಮೂಳೆಯ ಮಟ್ಟದಲ್ಲಿ ಇರುತ್ತದೆ. ಅಲ್ಲಿಂದ ನೆಲಕ್ಕೆ ಇಳಿಬಿಟ್ಟ ತೂಗುಗುಂಡಿನ ಗೆರೆ ಎರಡು ಪಾದಗಳು ಆವರಿಸಿದ ಜಾಗದೊಳಗೆ ಬೀಳುವವರೆಗೆ ಮನುಷ್ಯ ಬೀಳುವುದಿಲ್ಲ. ಗೆರೆ ಆಚೆಗೆ ಹೋದರೆ ಹೆಜ್ಜೆ ಬದಲಿಸಬೇಕು, ಇಲ್ಲವೆ ಬೀಳಬೇಕು. ಆದ್ದರಿಂದ ನಿಲ್ಲುವ ಜಾಗ ಕಿರಿದಾದಷ್ಟೂ, ಗುರುತ್ವ ಕೇಂದ್ರ ಮೇಲೇರಿದಷ್ಟೂ ಅಪಾಯ ಹೆಚ್ಚು. ಹುಲ್ಲಿನ ಗಾಡಿಯ ಹೇರು ಎತ್ತರವಾದಷ್ಟೂ ಮಗುಚುವುದು ಸುಲಭವಾಗುವಂತೆಯೇ ಇದು.

ಒಂದು ಉದಾಹರಣೆ ನೋಡಬಹುದು. 160 ಸೆಂ.ಮೀ. ಎತ್ತರದ, 50 ಕಿಲೋ ತೂಕದ ಹೆಣ್ಣುಮಗಳ ಗುರುತ್ವ ಕೇಂದ್ರ ನೆಲದಿಂದ ಸುಮಾರು 88 ಸೆಂ.ಮೀ. ಎತ್ತರದಲ್ಲಿ ಇದೆಯೆಂದು ಇಟ್ಟುಕೊಳ್ಳೋಣ. ಆಕೆ 20 ಕಿಲೋ ಹಸಿ ಮೇವಿನ ಹೊರೆಯನ್ನು ತಲೆಯ ಮೇಲೆ ಹೊತ್ತರೆ, ಹೊರೆಯ ನಡುಭಾಗ 175 ಸೆಂ.ಮೀ. ಎತ್ತರದಲ್ಲಿರುತ್ತದೆ. ಎರಡನ್ನೂ ಕೂಡಿಸಿ ಲೆಕ್ಕ ಹಾಕಿದರೆ ಗುರುತ್ವ ಕೇಂದ್ರ 113 ಸೆಂ.ಮೀ.ಗೆ, ಅಂದರೆ 25 ಸೆಂ.ಮೀ.ಯಷ್ಟು ಮೇಲಕ್ಕೆ ಏರುತ್ತದೆ. ಅಷ್ಟು ಹೊತ್ತು ಒಂದಡಿ ಅಗಲದ ಗದ್ದೆಯ ಬದುವಿನ ಮೇಲೆ ನಡೆಯುವಾಗ ಒಂದು ಪಾದ ಎರಡು ಬೆರಳಿನಷ್ಟು ಜಾರಿದರೂ ಸಾಕು, ಮೈಯನ್ನು ಮತ್ತೆ ಹಿಡಿತಕ್ಕೆ ತರುವುದು ಕಷ್ಟ. ಹೊರೆ ಹೊರುವವರಿಗೆ ಮೆಟ್ಟಿನ ಹಿಡಿತ ಎಷ್ಟು ಅವಶ್ಯ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಹಿಮ್ಮಡಿಯ ಎತ್ತರ

ಪಾದರಕ್ಷೆಯ ಹಿಮ್ಮಡಿ ಮುಂಗಾಲಿಗಿಂತ ಎತ್ತರವಾಗಿದ್ದರೆ ಪಾದ ಇಳಿಜಾರಿನ ಮೇಲೆ ನಿಂತಂತೆ ಆಗುತ್ತದೆ. ಹಿಮ್ಮಡಿಯಿಂದ ಬೆರಳುಗಳ ಬುಡಕ್ಕೆ ಸುಮಾರು 16 ಸೆಂ.ಮೀ. ಅಂತರವಿದ್ದು, ಹಿಮ್ಮಡಿ 3 ಸೆಂ.ಮೀ. ಮೇಲಿದ್ದರೆ, 160 ಸೆಂ.ಮೀ. ಎತ್ತರದ ವ್ಯಕ್ತಿ ಕಂಬದಂತೆ ಎಲ್ಲೂ ಬಾಗದೆ ನಿಂತ ಪಕ್ಷದಲ್ಲಿ ಅವನ ತಲೆ 30 ಸೆಂ.ಮೀ. ಮುಂದಕ್ಕೆ ವಾಲಬೇಕು. ಆದರೆ ಮನುಷ್ಯ ಕಂಬವಲ್ಲ. ಮುಂದಕ್ಕೆ ಬೀಳದಂತೆ ಕಣಕಾಲು, ಮಂಡಿ, ಸೊಂಟ, ಬೆನ್ನು ಎಲ್ಲವೂ ಸ್ವಲ್ಪ ಸ್ವಲ್ಪ ಬಾಗಿ, ಬಿಗಿಯಾಗಿ ಈ ತಪ್ಪನ್ನು ಸರಿಪಡಿಸುತ್ತವೆ. ಹೀಗೆ ಸರಿಪಡಿಸುವ ಕೆಲಸಕ್ಕೆ ಸ್ನಾಯುಗಳು ಬೆಳಗಿನಿಂದ ಸಂಜೆಯವರೆಗೆ ದುಡಿಯುತ್ತವೆ. ಸಂಜೆಯ ಸೊಂಟನೋವಿಗೆ ಹೊಲದ ಕೆಲಸವನ್ನು ದೂರುವ ಮೊದಲು ಹಿಮ್ಮಡಿಯ ಕಡೆಗೂ ನೋಡುವುದು ಒಳ್ಳೆಯದು.

ಬಹಳ ಕಾಲ ಎತ್ತರದ ಹಿಮ್ಮಡಿ ಬಳಸಿದವರ ಮೀನಖಂಡ ಗಿಡ್ಡವಾಗುತ್ತದೆ. ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಬರಿಗಾಲಿನಲ್ಲಿ, ಹಿಮ್ಮಡಿ ನೆಲಕ್ಕೆ ಊರಿ ಕುಕ್ಕರುಗಾಲಿನಲ್ಲಿ ಕುಳಿತು ನೋಡಬೇಕು. ಹಿಮ್ಮಡಿ ಮೇಲೆದ್ದರೆ, ಅಥವಾ ಹಿಂದಕ್ಕೆ ಬೀಳುವಂತಾದರೆ ಮೀನಖಂಡ ಬಿಗಿದಿರುವ ಸಂಭವ ಉಂಟು. ಕಳೆ ಕೀಳುವುದು, ಹಾಲು ಕರೆಯುವುದು, ಕಾಯಿ ಬಿಡಿಸುವುದು ಮುಂತಾದ ಕುಳಿತು ಮಾಡುವ ಕೆಲಸಗಳಿಗೆ ಇಂಥವರು ಬೆನ್ನನ್ನೇ ಹೆಚ್ಚು ಬಗ್ಗಿಸಬೇಕಾಗುತ್ತದೆ. ಹೊಲದ ಕೆಲಸಕ್ಕೆ ಹಿಮ್ಮಡಿ ಮತ್ತು ಮುಂಗಾಲು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುವ ಮೆಟ್ಟು ಉತ್ತಮ.

ಅಟ್ಟೆ ದಪ್ಪವಿದ್ದರೆ ಒಳ್ಳೆಯದೆ?

ಮೆತ್ತಗೆ, ದಪ್ಪಗೆ ಇರುವ ಅಟ್ಟೆ ಕಾಲಿಗೆ ಹಿತ ಎಂಬ ನಂಬಿಕೆ ಹರಡಿದೆ. ಹಿತವೇನೋ ಹೌದು, ಆದರೆ ಸಮತೋಲಕ್ಕೆ ಅದು ಸಹಾಯಕವಲ್ಲ. ಕೆನಡಾ ದೇಶದ ಸಂಶೋಧಕರು ವಯಸ್ಸಾದ ಗಂಡಸರಿಗೆ ಬೇರೆ ಬೇರೆ ಅಟ್ಟೆಯ ಶೂಗಳನ್ನು ತೊಡಿಸಿ ಕಿರಿದಾದ ತೊಲೆಯ ಮೇಲೆ ನಡೆಸಿ ನೋಡಿ, 1992ರಲ್ಲಿ ಫಲಿತಾಂಶ ಪ್ರಕಟಿಸಿದರು. ತೆಳುವಾದ, ಗಟ್ಟಿಯಾದ ಅಟ್ಟೆಯಲ್ಲಿ ಸಮತೋಲ ಚೆನ್ನಾಗಿತ್ತು. ದಪ್ಪ ಹಾಗೂ ಮೆತ್ತನೆಯ ಅಟ್ಟೆಯಲ್ಲಿ ಅದು ಕೆಟ್ಟಿತ್ತು. ಹಾಸಿಗೆಯ ಮೇಲೆ ಒಂಟಿ ಕಾಲಿನಲ್ಲಿ ನಿಲ್ಲಲು ಪ್ರಯತ್ನಿಸಿದವರಿಗೆ ಇದರ ಕಾರಣ ಬೇಗ ತಿಳಿಯುತ್ತದೆ. ಕಾಲ ಕೆಳಗೆ ಮೆತ್ತೆ ಇದ್ದಷ್ಟೂ ನೆಲದ ಸುದ್ದಿ ಅಂಗಾಲಿಗೆ ತಡವಾಗಿ, ಮಸುಕಾಗಿ ತಲಪುತ್ತದೆ. ಜೊತೆಗೆ ಅಟ್ಟೆ ದಪ್ಪವಾದಷ್ಟೂ ಕಾಲು ನೆಲದಿಂದ ಮೇಲೇರಿ, ಕಲ್ಲಿನ ಮೇಲೆ ಓರೆಯಾಗಿ ಬಿದ್ದಾಗ ಕಣಕಾಲು ಹೊರಳುವುದು ಸುಲಭ.

ಹಾಗೆಂದು ಮುಳ್ಳು ನಾಟುವಷ್ಟು ತೆಳುವಾದ ಅಟ್ಟೆಯೂ ಬೇಡ. ಜಾಲಿ ಮುಳ್ಳು, ತೊಗರಿ ಮತ್ತು ಹತ್ತಿಯ ಕೂಳೆಗಳಿರುವ ಹೊಲದಲ್ಲಿ ಗಟ್ಟಿ ರಬ್ಬರಿನ, ಒಂದು ಸೆಂಟಿಮೀಟರಿನಷ್ಟು ದಪ್ಪದ ಅಟ್ಟೆ ಸಾಕಾಗುತ್ತದೆ. ನಮ್ಮ ಹಳ್ಳಿಗಳ ಟೈರ್ ಚಪ್ಪಲಿ ಇಂಥದು. ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳಲ್ಲಿ ಹಾಗೂ ನೆರೆಯ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳಲ್ಲಿ ತಯಾರಾಗುವ, 2019ರಲ್ಲಿ ಭೌಗೋಳಿಕ ಗುರುತು ಪಡೆದ ಕೊಲ್ಹಾಪುರಿ ಚಪ್ಪಲಿಯೂ ಸಮತಟ್ಟಾಗಿದ್ದು ಬೆರಳುಗಳಿಗೆ ಜಾಗ ಕೊಡುತ್ತದೆ. ಒಣ ಹೊಲಕ್ಕೆ ಅದು ಒಳ್ಳೆಯ ಮೆಟ್ಟು. ಆದರೆ ನೆನೆದ ತೊಗಲು ಜಾರುವುದರಿಂದ ಮಳೆಗಾಲಕ್ಕೆ, ತೋಟದ ಪಾಚಿಗಟ್ಟಿದ ಕಲ್ಲಿಗೆ ಅದು ಸಲ್ಲದು.

ಸಡಿಲ ಮೆಟ್ಟು, ಸವೆದ ಮೆಟ್ಟು

ಹವಾಯಿ ಚಪ್ಪಲಿ ಅಗ್ಗ, ಹಗುರ, ತೊಳೆಯಲು ಸುಲಭ. ಮನೆಯಂಗಳಕ್ಕೆ ಅದು ಸಾಕು. ಹೊಲದ ಕೆಲಸಕ್ಕೆ ಅದರ ದೋಷಗಳು ಎರಡು. ಮೊದಲನೆಯದಾಗಿ, ಹಿಮ್ಮಡಿಯನ್ನು ಯಾವುದೂ ಹಿಡಿದಿಲ್ಲದ ಕಾರಣ ಪ್ರತಿ ಹೆಜ್ಜೆಗೂ ಬೆರಳುಗಳು ಬಾರನ್ನು ಕಚ್ಚಿ ಹಿಡಿಯಬೇಕು. ಇದರಿಂದ ಹೆಜ್ಜೆ ಗಿಡ್ಡವಾಗುತ್ತದೆ, ಬೆರಳು ಮತ್ತು ಮೊಣಕಾಲ ಕೆಳಗಿನ ಸ್ನಾಯುಗಳು ಬೇಗ ದಣಿಯುತ್ತವೆ. ಎರಡನೆಯದಾಗಿ, ನೀರು ಅಥವಾ ಕೆಸರು ತಾಗಿದೊಡನೆ ಅಂಗಾಲು ಚಪ್ಪಲಿಯ ಮೇಲೆಯೇ ಜಾರುತ್ತದೆ. ನೆಲಕ್ಕೆ ಚಪ್ಪಲಿ ಕಚ್ಚಿಕೊಂಡಿದ್ದರೂ ಪಾದ ಕಚ್ಚಿಕೊಂಡಿರುವುದಿಲ್ಲ. ಟ್ರ್ಯಾಕ್ಟರ್, ಪವರ್ ಟಿಲ್ಲರ್ ನಡೆಸುವವರು ಹವಾಯಿ ಚಪ್ಪಲಿಯನ್ನು ಖಂಡಿತ ಬಳಸಬಾರದು. ಬ್ರೇಕಿನ ಮೇಲಿಂದ ಜಾರಿದ ಕಾಲು ಮತ್ತೆ ಬ್ರೇಕನ್ನು ಹುಡುಕುವಷ್ಟರಲ್ಲಿ ಅನಾಹುತ ಆಗಿಹೋಗಿರುತ್ತದೆ.

ಸವೆದ ಅಟ್ಟೆಯ ಲೆಕ್ಕವನ್ನೂ ರೈತರು ಸುಲಭವಾಗಿ ಮಾಡಬಹುದು. ಹಿಮ್ಮಡಿಯ ಅಗಲ ಸುಮಾರು 6 ಸೆಂ.ಮೀ. ಅದರ ಹೊರ ಅಂಚು ಒಳ ಅಂಚಿಗಿಂತ 6 ಮಿ.ಮೀ. ಹೆಚ್ಚು ಸವೆದಿದ್ದರೆ ಹತ್ತಕ್ಕೆ ಒಂದರಂತೆ ಇಳಿಜಾರು ಆಯಿತು. ಹೊಲಕ್ಕೆ ಇಂಥ ಇಳಿಜಾರು ಇದ್ದರೆ ಮಣ್ಣು ಕೊಚ್ಚಿಹೋಗುತ್ತದೆಂದು ಬದು ಹಾಕುತ್ತೇವೆ. ಆದರೆ ಅದೇ ಇಳಿಜಾರಿನ ಮೇಲೆ ದಿನಕ್ಕೆ ಸಾವಿರಾರು ಹೆಜ್ಜೆ ಹಾಕುತ್ತ, ಕಣಕಾಲು ಹೊರಕ್ಕೆ ಹೊರಳುತ್ತಿರುವುದನ್ನು ಗಮನಿಸುವುದಿಲ್ಲ. ಹಿಮ್ಮಡಿಯ ಹೊರ ಅಂಚು ಸ್ವಲ್ಪ ಹೆಚ್ಚು ಸವೆಯುವುದು ಸಹಜ. ಒಳ ಅಂಚು ಹೆಚ್ಚು ಸವೆದಿದ್ದರೆ, ಅಥವಾ ಎಡಬಲಗಳ ಸವೆತದಲ್ಲಿ ಬಹಳ ವ್ಯತ್ಯಾಸ ಕಂಡರೆ ನಡಿಗೆಯಲ್ಲಿ ಏನೋ ದೋಷವಿದೆ ಎಂದು ತಿಳಿದು ವೈದ್ಯರಿಗೆ ತೋರಿಸುವುದು ಲೇಸು.

ಎಡವುವ ಕಾಲೇ ಎಡವುವುದು ಎಂಬ ಗಾದೆ ಹುಸಿಯಲ್ಲ. ಒಮ್ಮೆ ಉಳುಕಿದ ಕಣಕಾಲಿನ ಕಟ್ಟುಗಳು ಹಿಗ್ಗಿ, ಅಲ್ಲಿನ ನರಗಳ ಸೂಕ್ಷ್ಮತೆ ಕುಗ್ಗುವುದರಿಂದ ಅದೇ ಕಾಲು ಮತ್ತೆ ಉಳುಕುವ ಸಂಭವ ಹೆಚ್ಚು. ಉಳುಕಿದ ಕಾಲಿಗೆ ಪೂರ್ಣ ವಾಸಿಯಾಗುವವರೆಗೆ ವಿಶ್ರಾಂತಿ ಕೊಟ್ಟು, ಅನಂತರ ದಿನವೂ ಗೋಡೆಯ ಪಕ್ಕದಲ್ಲಿ ಒಂಟಿ ಕಾಲಿನಲ್ಲಿ ನಿಲ್ಲುವ ಅಭ್ಯಾಸ ಮಾಡಿದರೆ ಆ ಸೂಕ್ಷ್ಮತೆ ಬಹುಮಟ್ಟಿಗೆ ಮರಳುತ್ತದೆ.

ಕಾಲಿಗಂಟಿದ ಮಣ್ಣಿನ ಭಾರ

ಎರೆ ಭೂಮಿಯ ರೈತರಿಗೆ ಇನ್ನೊಂದು ತೊಂದರೆ ಉಂಟು. ಮಳೆ ಬಿದ್ದ ಮೇಲೆ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಕಪ್ಪು ಮಣ್ಣು ಮೆಟ್ಟಿನ ಅಡಿಗೆ ರೊಟ್ಟಿಯಂತೆ ಅಂಟಿಕೊಳ್ಳುತ್ತದೆ. ಭಾರ ಹೊತ್ತು ನಡೆಯುವವರ ಶ್ರಮವನ್ನು ಅಳೆದ ಪ್ರಯೋಗಗಳಲ್ಲಿ, ಪಾದಕ್ಕೆ ಕಟ್ಟಿದ ಒಂದು ಕಿಲೋ ಭಾರ ಬೆನ್ನಿನ ಮೇಲಿನ ಸುಮಾರು 4ರಿಂದ 6 ಕಿಲೋ ಭಾರಕ್ಕೆ ಸಮವಾದ ಶ್ರಮ ಕೊಡುತ್ತದೆಂದು ಕಂಡುಬಂದಿದೆ. ಏಕೆಂದರೆ ಪಾದವನ್ನು ಪ್ರತಿ ಹೆಜ್ಜೆಗೂ ಎತ್ತಿ, ಬೀಸಿ, ನಿಲ್ಲಿಸಬೇಕು. ಎರಡೂ ಕಾಲಿಗೆ ಅರ್ಧರ್ಧ ಕಿಲೋ ಮಣ್ಣು ಅಂಟಿದರೆ ಅರ್ಧ ಬುಟ್ಟಿ ಗೊಬ್ಬರ ಬೆನ್ನಿಗೆ ಹೊತ್ತಷ್ಟೇ ದಣಿವು. ಮಣ್ಣು ಒಂದೇ ಸಮನಾಗಿ ಅಂಟದ ಕಾರಣ ಪಾದ ಓರೆಯಾಗಿ ನಿಲ್ಲುವುದು ಬೇರೆ.

ಆದ್ದರಿಂದ ಎರೆ ಭೂಮಿಗೆ ಆಳವಾದ ಗೀರುಗಳ ಅಟ್ಟೆ ಒಳ್ಳೆಯದಲ್ಲ. ಗೀರುಗಳಲ್ಲಿ ಮಣ್ಣು ಸೇರಿ ಗಟ್ಟಿಯಾಗುತ್ತದೆ. ಆಳವಿಲ್ಲದ, ಅಗಲವಾದ ಗೀರುಗಳಿರುವ ಅಟ್ಟೆಯಲ್ಲಿ ಮಣ್ಣು ಬೇಗ ಕಳಚುತ್ತದೆ. ಬದುವಿನಲ್ಲಿ ಒಂದು ಚಪ್ಪಟೆ ಕಲ್ಲು ಅಥವಾ ಕಬ್ಬಿಣದ ಪಟ್ಟಿ ನೆಟ್ಟು ಆಗಾಗ ಮಣ್ಣು ಕೆರೆದು ಹಾಕುವ ಪದ್ಧತಿಯನ್ನು ಎಲ್ಲರೂ ಅನುಸರಿಸಬಹುದು. ಇದಕ್ಕೆ ವಿರುದ್ಧವಾಗಿ, ಮಲೆನಾಡಿನ ಜಾರು ಮಣ್ಣಿನ ಇಳಿಜಾರಿಗೆ ಆಳವಾದ ಗೀರುಗಳೇ ಬೇಕು. ಒಂದೇ ಮೆಟ್ಟು ಎಲ್ಲ ನೆಲಕ್ಕೂ ಆಗದು.

ಬರಿಗಾಲು ಸಾಕಲ್ಲವೆ?

ತೆಳುವಾದ ಅಟ್ಟೆಯೇ ಒಳ್ಳೆಯದಾದರೆ ಬರಿಗಾಲು ಇನ್ನೂ ಒಳ್ಳೆಯದಲ್ಲವೆ ಎಂಬ ಪ್ರಶ್ನೆ ಸಹಜ. ಸಮತೋಲ ಮತ್ತು ಪಾದದ ಬೆಳವಣಿಗೆಯ ಮಟ್ಟಿಗೆ ಈ ಮಾತಿನಲ್ಲಿ ಸತ್ಯವಿದೆ. ನಮ್ಮ ಕರಾವಳಿಯ ಕಸ್ತೂರಬಾ ವೈದ್ಯಕೀಯ ಕಾಲೇಜಿನ ತಜ್ಞರು 4ರಿಂದ 13 ವರ್ಷದ 2,300 ಮಕ್ಕಳ ಹೆಜ್ಜೆ ಗುರುತುಗಳನ್ನು ಪರಿಶೀಲಿಸಿ 1992ರಲ್ಲಿ ವರದಿ ಪ್ರಕಟಿಸಿದರು. ಪಾದರಕ್ಷೆ ಬಳಸುತ್ತಿದ್ದ ಮಕ್ಕಳಲ್ಲಿ ನೂರಕ್ಕೆ 8.6 ಮಂದಿಗೆ ಚಪ್ಪಟೆ ಪಾದವಿದ್ದರೆ, ಬರಿಗಾಲಿನ ಮಕ್ಕಳಲ್ಲಿ ಅದು ನೂರಕ್ಕೆ 2.8 ಮಾತ್ರ. ಬೆರಳು ಮುಚ್ಚುವ ಶೂ ಹಾಕುತ್ತಿದ್ದ ಮಕ್ಕಳಲ್ಲಿ ಹೆಚ್ಚು, ಚಪ್ಪಲಿ ಹಾಕುವವರಲ್ಲಿ ಅದಕ್ಕಿಂತ ಕಡಿಮೆ ಇದ್ದುದೂ ಕಂಡುಬಂತು. ಚಪ್ಪಟೆ ಪಾದ ಇರುವವರಿಗೆಲ್ಲ ನೋವು ಬರುತ್ತದೆಂದು ಇದರ ಅರ್ಥವಲ್ಲ. ಆದರೆ ಪುಟ್ಟ ಮಕ್ಕಳ ಪಾದವನ್ನು ಬಿಗಿ ಶೂಗಳಲ್ಲಿ ಬಂಧಿಸಬಾರದು, ಶುಚಿಯಾದ ಅಂಗಳದಲ್ಲಿ ಬರಿಗಾಲಿನಲ್ಲಿ ಆಡಲು ಬಿಡಬೇಕು ಎಂಬುದನ್ನು ಇದರಿಂದ ಕಲಿಯಬಹುದು.

ಶುಚಿಯಾದ ಅಂಗಳ ಬೇರೆ, ಹೊಲಗದ್ದೆ ಬೇರೆ. ಬಯಲು ಶೌಚ ನಡೆಯುವ, ತೇವವಿರುವ, ನೆರಳಿನ ಮಣ್ಣಿನಲ್ಲಿ ಕೊಕ್ಕೆಹುಳುವಿನ ಮರಿಗಳು ಇರುತ್ತವೆ. ಅವು ಅಂಗಾಲಿನ, ಬೆರಳ ಸಂದಿನ ಚರ್ಮವನ್ನು ತೂರಿ ಒಳಸೇರಿ, ಕರುಳಿನಲ್ಲಿ ನೆಲೆಸಿ ರಕ್ತ ಹೀರುತ್ತವೆ. ರಕ್ತಹೀನತೆಯಿಂದ ತಲೆ ಸುತ್ತಿ ಬೀಳುವವರ ಸಮತೋಲ ಕೆಟ್ಟದ್ದು ಕಾಲಿನ ಮೂಲಕವೇ ಎಂಬುದನ್ನು ಮರೆಯಬಾರದು. ಇಲಿಯ ಮೂತ್ರ ಸೇರಿದ ಗದ್ದೆಯ ನೀರಿನಿಂದ, ಕಾಲಿನ ಬಿರುಕು ಮತ್ತು ಗಾಯಗಳ ಮೂಲಕ ಇಲಿಜ್ವರ ಬರುತ್ತದೆ. ತುಕ್ಕು ಮೊಳೆ, ಕೂಳೆ, ಗೊಬ್ಬರ ಬೆರೆತ ಮಣ್ಣಿನಿಂದ ಆದ ಗಾಯಕ್ಕೆ ಧನುರ್ವಾಯುವಿನ ಭಯ. ಹಾವು ಕಚ್ಚುವುದೂ ಹೆಚ್ಚಾಗಿ ಪಾದ ಮತ್ತು ಮೊಣಕಾಲ ಕೆಳಗೇ. ಕತ್ತಲಲ್ಲಿ ನಡೆಯುವವರಿಗೆ, ಹುಲ್ಲು ಕೊಯ್ಯುವವರಿಗೆ ಕಾಲು ಮುಚ್ಚುವ ಬೂಟು ಮತ್ತು ಬ್ಯಾಟರಿ ದೀಪ ಎರಡೂ ಬೇಕು. ಮೂರನೆಯದಾಗಿ ಒಂದು ಕೋಲೂ ಇದ್ದರೆ ಹಾವಿಗೂ ಆಯಿತು, ಜಾರುವ ಕಾಲಿಗೂ ಆಯಿತು.

ಹೀಗೆ ಒಂದು ಕಡೆ ಸಮತೋಲ, ಇನ್ನೊಂದು ಕಡೆ ರಕ್ಷಣೆ. ಒಳ್ಳೆಯ ಕೃಷಿ ಪಾದರಕ್ಷೆ ಇವೆರಡನ್ನೂ ಕೂಡಿಸಬೇಕು. ಇದಕ್ಕೆ ಜಪಾನ್ ದೇಶದ ಒಂದು ಉದಾಹರಣೆ ಇದೆ. ಅಲ್ಲಿನ ಬಟ್ಟೆಯ ಕಾಲುಚೀಲದಲ್ಲಿ ಹೆಬ್ಬೆರಳಿಗೆ ಬೇರೆ ಮನೆ ಇರುತ್ತದೆ. ಅದಕ್ಕೆ ತೆಳು ರಬ್ಬರ್ ಅಟ್ಟೆ ಅಂಟಿಸಿ, ಕಣಕಾಲಿನವರೆಗೆ ಬಿಗಿಯಾಗಿ ಕಟ್ಟುವಂತೆ ಮಾಡಿದ ಜಿಕಾತಾಬಿ ಎಂಬ ಮೆಟ್ಟನ್ನು ಕುರುಮೆ ಪಟ್ಟಣದ ಇಶಿಬಾಶಿ ಮನೆತನದವರು 1923ರಲ್ಲಿ ಮಾರಾಟಕ್ಕೆ ತಂದರು. ಈ ಮನೆತನದ ಶೋಜಿರೊ ಇಶಿಬಾಶಿಯವರೇ 1931ರಲ್ಲಿ ಬ್ರಿಜ್‌ಸ್ಟೋನ್ ಟೈರ್ ಕಂಪನಿ ಸ್ಥಾಪಿಸಿದವರು. ತೆಳು ಅಟ್ಟೆಯಿಂದ ನೆಲ ತಿಳಿಯುತ್ತದೆ, ಬಿಡಿಯಾದ ಹೆಬ್ಬೆರಳು ನೆಲವನ್ನು ಹಿಡಿಯುತ್ತದೆ, ಬಿಗಿ ಕಟ್ಟಿನಿಂದ ಕೆಸರಿನಲ್ಲಿ ಕಳಚಿಕೊಳ್ಳುವುದಿಲ್ಲ. ಅಲ್ಲಿಯ ಗಣಿ, ಕಟ್ಟಡ ಮತ್ತು ಹೊಲಗಳಲ್ಲಿ ದುಡಿಯುವವರು ಇದನ್ನು ಮೆಚ್ಚಿದ್ದಕ್ಕೆ ಇದೇ ಕಾರಣ. ನಮ್ಮ ಉಂಗುಷ್ಠವಿರುವ ಚಪ್ಪಲಿಯಲ್ಲೂ ಹೆಬ್ಬೆರಳಿನ ಈ ಸ್ವಾತಂತ್ರ್ಯ ಇದೆ. ಕೊರತೆ ಇರುವುದು ಹಿಮ್ಮಡಿಯ ಕಟ್ಟಿನಲ್ಲಿ ಮಾತ್ರ.

ಕೆಲಸಕ್ಕೆ ತಕ್ಕ ಮೆಟ್ಟು

1. ಉಳುಮೆ, ಕಳೆ ತೆಗೆಯುವುದು, ಕೊಯ್ಲು (ಒಣ ನೆಲ): ಸಮತಟ್ಟಾದ, ಗಟ್ಟಿ ಅಟ್ಟೆಯ, ಹಿಮ್ಮಡಿಗೆ ಬಾರು ಇರುವ ಚಪ್ಪಲಿ. ಹಳೆಯ ಚಪ್ಪಲಿಗೂ ಚಮ್ಮಾರರಿಂದ ಹಿಂಬಾರು ಹಾಕಿಸಿಕೊಳ್ಳಬಹುದು. ಇದಕ್ಕೆ ತಗಲುವ ಖರ್ಚು ಅಲ್ಪ, ಪ್ರಯೋಜನ ದೊಡ್ಡದು.

2. ಕೆಸರು ಗದ್ದೆಯ ನಾಟಿ: ಕೆಸರಿನಲ್ಲಿ ಸಡಿಲವಾದ ಗಂಬೂಟು ಹೀರಿಕೊಂಡು ನಿಲ್ಲುತ್ತದೆ. ಅದನ್ನು ಕೀಳಲು ಪ್ರತಿ ಹೆಜ್ಜೆಗೂ ಸೊಂಟ ತಿರುಚಬೇಕಾಗುತ್ತದೆ. ಆದ್ದರಿಂದ ನಾಟಿಗೆ ಕಾಲಿಗೆ ಬಿಗಿಯಾಗಿ ಕೂರುವ, ತೆಳು ಅಟ್ಟೆಯ ರಬ್ಬರ್ ಬೂಟು ಉತ್ತಮ. ಅದು ಸಿಗದೆ ಬರಿಗಾಲಿನಲ್ಲೇ ಇಳಿಯಬೇಕಾದರೆ ಗಾಯ, ಬಿರುಕು ಇರುವವರು ಇಳಿಯಬಾರದು. ಕೆಲಸ ಮುಗಿದ ಕೂಡಲೆ ಸೋಪು ಹಾಕಿ ತೊಳೆದು, ಬೆರಳ ಸಂದುಗಳನ್ನು ಒರೆಸಿ ಒಣಗಿಸಬೇಕು. ಎರಡು ಸಾಲಿಗೊಮ್ಮೆ ನೆಟ್ಟಗೆ ನಿಂತು, ಕೈಗಳನ್ನು ಸೊಂಟಕ್ಕೆ ಕೊಟ್ಟು ಹಿಂದಕ್ಕೆ ಬಾಗುವುದರಿಂದ ಬೆನ್ನಿಗೆ ಬಿಡುವು ದೊರೆಯುತ್ತದೆ.

3. ಔಷಧಿ ಸಿಂಪರಣೆ: 16 ಲೀಟರಿನ ಬೆನ್ನು ಪಂಪು ತುಂಬಿದಾಗ ನೀರಿನ ತೂಕವೇ 16 ಕಿಲೋ. ಈ ಭಾರ ಹಿಂದಕ್ಕೆ ಎಳೆಯುವುದರಿಂದ ಮೈ ಮುಂದಕ್ಕೆ ಬಾಗುತ್ತದೆ. ಇಲ್ಲಿ ರಬ್ಬರ್ ಗಂಬೂಟು ಕಡ್ಡಾಯ. ಪ್ಯಾಂಟಿನ ತುದಿ ಬೂಟಿನ ಹೊರಗಿರಬೇಕು. ಒಳಗಿದ್ದರೆ ಔಷಧಿ ಇಳಿದು ಬೂಟಿನಲ್ಲಿ ಸಂಗ್ರಹವಾಗುತ್ತದೆ. ಬೂಟು ಸಡಿಲವಾಗಿದ್ದರೆ ದಪ್ಪ ಕಾಲುಚೀಲ ಹಾಕಿ ಬಿಗಿ ಮಾಡಿಕೊಳ್ಳಬೇಕು. ಪಂಪನ್ನು ಇಳಿಜಾರಿನಲ್ಲಿ ಪೂರ್ತಿ ತುಂಬಿಸದೆ ಮುಕ್ಕಾಲು ತುಂಬಿಸುವುದು ಕ್ಷೇಮ.

4. ತೋಟ ಮತ್ತು ಇಳಿಜಾರು: ಆಳವಾದ ಗೀರುಗಳ, ಕಣಕಾಲು ಮುಚ್ಚುವ ಬೂಟು. ಉಂಬಳದ ಕಾಟಕ್ಕೂ ಇದು ತಡೆ. ಅಡಿಕೆ ಮರ ಹತ್ತುವವರು ಕಾಲಿಗೆ ತಳೆ ಹಾಕಿ ಬರಿಗಾಲಿನಲ್ಲಿ ಹತ್ತುವುದಕ್ಕೆ ಕಾರಣವಿದೆ. ಅಂಗಾಲಿಗೆ ಮರದ ಜಾರು ತಿಳಿಯುತ್ತದೆ. ಆದರೆ ಅಂಗಾಲಿನ ಚರ್ಮ ಬಿರಿದವರು, ಪಾದ ಜೋಮು ಹಿಡಿಯುವವರು ಮರ ಹತ್ತಲೇಬಾರದು.

5. ರಾತ್ರಿ ನೀರು ಹಾಯಿಸುವುದು: ಒಣಗಿದ ಗಂಬೂಟು, ದೀಪ, ಕೋಲು. ಸ್ಟಾರ್ಟರ್ ಪೆಟ್ಟಿಗೆಯ ಬಳಿ ಒದ್ದೆ ಕಾಲಿನಲ್ಲಿ, ಒದ್ದೆ ಕೈಯಲ್ಲಿ ಹೋಗಬಾರದು. ಬೂಟು ಹಾಕಿದ್ದೇವೆಂಬ ಧೈರ್ಯದಿಂದ ವಿದ್ಯುತ್ತಿನ ವಿಷಯದಲ್ಲಿ ಅಜಾಗರೂಕತೆ ಸಲ್ಲದು.

ಸಕ್ಕರೆ ಕಾಯಿಲೆ ಇರುವವರು ಮತ್ತು ವಯಸ್ಸಾದವರು

ಸಕ್ಕರೆ ಕಾಯಿಲೆ ಬಹಳ ವರ್ಷ ಇದ್ದರೆ ಪಾದದ ನರಗಳು ಮರಗಟ್ಟುತ್ತವೆ. ಕಾಲಿಗೆ ಮುಳ್ಳು ಚುಚ್ಚಿದ್ದೂ, ಚಪ್ಪಲಿ ಕಳಚಿಹೋದದ್ದೂ ಇಂಥವರಿಗೆ ತಿಳಿಯುವುದಿಲ್ಲ. ಸಮತೋಲದ ಒಂದು ಮೂಲವೇ ಇಲ್ಲವಾಗುವುದರಿಂದ ಕತ್ತಲಲ್ಲಿ ತೂರಾಡುತ್ತಾರೆ. ಗಾಯ ಕೊಳೆತು ಬೆರಳನ್ನೋ ಪಾದವನ್ನೋ ಕತ್ತರಿಸಬೇಕಾದ ಪ್ರಸಂಗವೂ ಬರುತ್ತದೆ. ಇವರು ಹೊಲಕ್ಕಾಗಲಿ ಅಂಗಳಕ್ಕಾಗಲಿ ಬರಿಗಾಲಿನಲ್ಲಿ ಇಳಿಯಬಾರದು. ಕುಷ್ಠ ರೋಗದಿಂದ ಪಾದ ಮರಗಟ್ಟಿದವರಿಗಾಗಿ ವೆಲ್ಲೂರಿನಲ್ಲಿ ಡಾ. ಪಾಲ್ ಬ್ರಾಂಡ್ ಮತ್ತು ಸಂಗಡಿಗರು ರೂಪಿಸಿದ ಎಂ.ಸಿ.ಆರ್. ರಬ್ಬರಿನ ಚಪ್ಪಲಿ ಇಂಥ ಪಾದಗಳಿಗೆ ಸೂಕ್ತ. ಇದರಲ್ಲಿ ಒಳಪದರ ಮೆತ್ತಗೆ, ಹೊರ ಅಟ್ಟೆ ಗಟ್ಟಿಯಾಗಿದ್ದು ಮೊಳೆಗಳ ಬದಲು ಅಂಟಿನಿಂದ, ಹೊಲಿಗೆಯಿಂದ ಜೋಡಿಸಿರುತ್ತಾರೆ. ಮರಗಟ್ಟಿದ ಕಾಲಿಗೆ ಮುಖ್ಯವಾದುದು ಗಾಯವಾಗದಂತೆ ಕಾಯುವುದು. ಆದಕಾರಣ ಇವರಿಗೆ ಮೆತ್ತನೆಯ ಒಳಪದರ ಬೇಕೇ ಬೇಕು. ನಡೆಯುವಾಗ ಕೋಲಿನ ಆಸರೆ ಪಡೆಯಬೇಕು. ದಿನವೂ ರಾತ್ರಿ ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳುವ ಅಭ್ಯಾಸ ಒಳ್ಳೆಯದು.

ಐವತ್ತು ದಾಟಿದವರು ಆಗಾಗ ಗೋಡೆಯ ಪಕ್ಕ ನಿಂತು, ಬರಿಗಾಲಿನಲ್ಲಿ ಒಂದು ಕಾಲನ್ನು ಎತ್ತಿ 10 ಸೆಕೆಂಡು ನಿಲ್ಲಲಾಗುವುದೆ ಎಂದು ಪರೀಕ್ಷಿಸಿಕೊಳ್ಳಬೇಕು. ಆಗದಿದ್ದವರು ಬದುವಿನ ಮೇಲೆ ಹೊರೆ ಹೊರುವುದನ್ನು ಬಿಟ್ಟು, ವೈದ್ಯರನ್ನು ಕಾಣಬೇಕು. ಈ ವಯಸ್ಸಿನ ಮೇಲೆ ಬಿದ್ದು ತೊಡೆಯ ಮೂಳೆ ಮುರಿದರೆ ಒಂದು ಸಂಸಾರದ ದುಡಿಮೆಯೇ ನಿಂತಂತೆ.

ಕೊಳ್ಳುವಾಗ ನೋಡಬೇಕಾದದ್ದು

ಮದರಾಸಿನಲ್ಲಿರುವ, ಈಗ ಚೆನ್ನೈ ಎನ್ನುವ ನಗರದ, ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯವರು 2021ರ ಡಿಸೆಂಬರಿನಿಂದ 2022ರ ಮಾರ್ಚಿಯವರೆಗೆ ದೇಶದಾದ್ಯಂತ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದಗಳನ್ನು ಅಳೆದರು. ಭಾರತೀಯರ ಪಾದಗಳು ಯುರೋಪ್, ಅಮೆರಿಕಗಳವರ ಪಾದಗಳಿಗಿಂತ ಅಗಲವೆಂದು ತಿಳಿದುಬಂತು. ಹೊರದೇಶದ ಅಳತೆಯ ಶೂ ನಮ್ಮವರ ಬೆರಳುಗಳನ್ನು ಹಿಸುಕುವುದಕ್ಕೆ ಇದೇ ಕಾರಣ. ಅಗಲ ಸಾಲದೆ ಉದ್ದದ ಶೂ ಕೊಂಡವರಿಗೆ ಅದು ಮುಂದೆ ಸಡಿಲವಾಗಿ ಎಡವಿಸುತ್ತದೆ. ಆದ್ದರಿಂದ ನಂಬರನ್ನು ನಂಬದೆ ಈ ಕೆಳಗಿನಂತೆ ನೋಡಿ ಕೊಳ್ಳುವುದು ಸೂಕ್ತ.

- ಹಳೆಯ ಕಾಗದದ ಮೇಲೆ ಎರಡೂ ಪಾದಗಳನ್ನು ಊರಿ ನಿಂತು, ಸುತ್ತ ಗೆರೆ ಎಳೆಸಿ, ಅದನ್ನು ಅಂಗಡಿಗೆ ಒಯ್ಯಬೇಕು. ಮೆಟ್ಟನ್ನು ಅದರ ಮೇಲಿಟ್ಟಾಗ ಗೆರೆ ಹೊರಗೆ ಕಂಡರೆ ಆ ಮೆಟ್ಟು ಕಿರಿದು. ಕೆಲಸದಲ್ಲಿರುವ ಮನೆಯ ಹೆಂಗಸರಿಗೆ ಮೆಟ್ಟು ತರುವಾಗಲೂ ಈ ಕ್ರಮ ಅನುಕೂಲ.
- ಸಂಜೆಯ ಹೊತ್ತು ಪಾದ ಸ್ವಲ್ಪ ಊದಿರುವುದರಿಂದ ಆಗಲೇ ಕೊಳ್ಳುವುದು ಲೇಸು. ಎರಡೂ ಕಾಲಿಗೆ ಹಾಕಿ ಹತ್ತು ಹೆಜ್ಜೆ ನಡೆದು ನೋಡಬೇಕು.
- ಮುಚ್ಚಿದ ಬೂಟಿನಲ್ಲಿ ಉದ್ದದ ಬೆರಳಿನ ಮುಂದೆ ಹೆಬ್ಬೆಟ್ಟಿನ ಅಗಲದಷ್ಟು ಜಾಗ ಉಳಿಯಬೇಕು.
- ಕೈಯಲ್ಲಿ ಹಿಡಿದು ಬಗ್ಗಿಸಿದರೆ ಬೆರಳುಗಳ ಬುಡದಲ್ಲಿ ಬಾಗಬೇಕು. ನಡುವೆ ಮಡಚಿಕೊಳ್ಳುವ ಮೆಟ್ಟು ಕಮಾನಿಗೆ ಆಸರೆ ಕೊಡದು.
- ಹಿಮ್ಮಡಿ ತಗ್ಗಾಗಿ, ಅಗಲವಾಗಿ ಇರಬೇಕು. ಹಿಂದೆ ಬಾರು ಅಥವಾ ಗೋಡೆ ಇರಬೇಕು.
- ಅಟ್ಟೆಯ ಗೀರು ಸವೆದು ನುಣುಪಾದರೆ, ಒಂದು ಅಂಚು ತಗ್ಗಾದರೆ ಮತ್ತೆ ಅಟ್ಟೆ ಹಾಕಿಸಬೇಕು, ಇಲ್ಲವೆ ಬದಲಿಸಬೇಕು.

ಕೂಲಿಯಾಳುಗಳ ಕಾಲು

ಬಿತ್ತುವಾಗ, ಕಣದಲ್ಲಿ ರಾಶಿ ಮಾಡುವಾಗ ಮೆಟ್ಟು ಕಳಚುವ ಸಂಪ್ರದಾಯ ನಮ್ಮಲ್ಲಿದೆ. ಅನ್ನ ಕೊಡುವ ನೆಲಕ್ಕೆ ತೋರುವ ಆ ಗೌರವವನ್ನು ಬಿಡಬೇಕೆಂದು ಯಾರೂ ಹೇಳುವುದಿಲ್ಲ. ಸಾರಿಸಿದ ಕಣ ಶುಚಿಯಾಗಿಯೇ ಇರುತ್ತದೆ. ಆದರೆ ಗೌರವದ ಮಾತು ಬೇರೆ, ಇಲ್ಲದ್ದಕ್ಕೆ ಬರಿಗಾಲಿನಲ್ಲಿರುವ ಮಾತು ಬೇರೆ. ಹಿಂದೆ ಅನೇಕ ಊರುಗಳಲ್ಲಿ ಕೆಲವರು ಮೇಲಿನವರ ಎದುರು ಮೆಟ್ಟು ಮೆಟ್ಟಿ ನಡೆಯುವಂತಿರಲಿಲ್ಲ. ಆ ಅನ್ಯಾಯದ ಕಟ್ಟಳೆಯ ನೆರಳು ಇನ್ನೂ ಹೊಲಗಳಲ್ಲಿ ಉಳಿದಿರಬಾರದು. ಕಬ್ಬು ಕಡಿಯಲು, ನಾಟಿ ಹಾಕಲು, ಔಷಧಿ ಸಿಂಪಡಿಸಲು ಬಂದವರಿಗೆ ಕತ್ತಿ, ಪಂಪು ಕೊಡುವಂತೆ ಬೂಟನ್ನೂ ಒದಗಿಸುವುದು ಜಮೀನಿನ ಒಡೆಯರ ಕರ್ತವ್ಯ. ಬೇರೆ ಬೇರೆ ಅಳತೆಯ ನಾಲ್ಕಾರು ಜೊತೆ ಬೂಟುಗಳನ್ನು ಸಹಕಾರ ಸಂಘ ಅಥವಾ ಸ್ತ್ರೀಶಕ್ತಿ ಸಂಘಗಳ ಮೂಲಕ ಕೊಂಡಿಟ್ಟು, ಬಳಸಿದ ಮೇಲೆ ತೊಳೆದು ಬಿಸಿಲಿಗಿಟ್ಟು, ಸರದಿಯಂತೆ ಉಪಯೋಗಿಸಬಹುದು. ಔಷಧಿ ಸಿಂಪರಣೆಗೆ ಬಳಸಿದ ಬೂಟನ್ನು ಮಾತ್ರ ಬೇರೆಯಾಗಿಯೇ ಇಡಬೇಕು. ವಿಸ್ತರಣಾ ಕಾರ್ಯಕರ್ತರು ಕ್ಷೇತ್ರೋತ್ಸವಗಳಲ್ಲಿ ಹೊಸ ತಳಿ, ಹೊಸ ಯಂತ್ರಗಳ ಜೊತೆಗೆ ಪಾದದ ಗೆರೆ ಎಳೆಯುವ, ಒಂಟಿ ಕಾಲಿನಲ್ಲಿ ನಿಲ್ಲುವ ಈ ಸರಳ ಪ್ರಾತ್ಯಕ್ಷಿಕೆಗಳನ್ನೂ ಸೇರಿಸಿದರೆ ಪ್ರಯೋಜನವಾದೀತು.

ಮುಂಗಾರಿಗೆ ಮುಂಚೆ ಬೀಜ, ಗೊಬ್ಬರ, ಸಲಕರಣೆಗಳ ಪಟ್ಟಿ ಮಾಡುವುದು ಎಲ್ಲ ರೈತರ ಪದ್ಧತಿ. ಆ ಪಟ್ಟಿಯ ಕೊನೆಗೆ ಇನ್ನೊಂದು ಸಾಲು ಸೇರಲಿ: ಮನೆಯಲ್ಲಿ ದುಡಿಯುವವರು ಎಷ್ಟು ಮಂದಿ, ಅವರಲ್ಲಿ ಎಷ್ಟು ಮಂದಿಯ ಕಾಲಿಗೆ ಅವರ ಕೆಲಸಕ್ಕೆ ಒಪ್ಪುವ ಮೆಟ್ಟು ಇದೆ. ಒಣ ನೆಲಕ್ಕೆ ಒಂದು, ಒದ್ದೆ ನೆಲಕ್ಕೆ ಒಂದು, ಹೀಗೆ ಎರಡು ಜೊತೆ ಇದ್ದರೆ ಎರಡೂ ಹೆಚ್ಚು ಕಾಲ ಬಾಳುತ್ತವೆ. ಅದಕ್ಕಾಗಿ ಮಾಡಿದ ಖರ್ಚು ಒಂದು ಉಳುಕಿನ ಔಷಧಿಗೆ, ಕಳೆದ ಹದಿನೈದು ದಿನಗಳ ದುಡಿಮೆಗೆ ಹೋಲಿಸಿದರೆ ಹೆಚ್ಚಿನದೇನೂ ಅಲ್ಲ.